ಗುಳಿಗೆ ಬಿಟ್ಟು ಬರೀ ಯೋಗ ಮಾಡಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 29 ವರ್ಷ, ಹಾವೇರಿ ಜಿಲ್ಲೆಯ ಹಳ್ಳಿಯವಳು. ಎರಡನೇ ಹೆರಿಗೆಯಾಗಿ ನಾಲ್ಕು ತಿಂಗಳಾಯಿತು. ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಸುಮ್ನೆ ಕೂತಾಗಲೂ ಅಳು ಬರುತ್ತೆ. ತಲೆ ಬಾಚಿಕೊಳ್ಳೋಕೂ ಮನಸ್ಸಿಲ್ಲ. ನಾನಿಲ್ಲದಿದ್ದರೆ ಮಕ್ಕಳು ಚೆನ್ನಾಗಿರುತ್ತವೆ ಅಂತ ಒಂದೊಂದು ಸಲ ಅನಿಸುತ್ತೆ. ಮನೋವೈದ್ಯರು ಸರ್ಟ್ರಾಲೀನ್ ಅನ್ನೋ ಖಿನ್ನತೆಯ ಗುಳಿಗೆ 50 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ. ತಗೊಳ್ಳೋಕೆ ಶುರು ಮಾಡಿ 12 ದಿನ. ಹಾಲಿನಲ್ಲಿ ಮಗುವಿಗೆ ಹೋಗುತ್ತೆ, ಬಿಟ್ಟುಬಿಡು ಅಂತಾರೆ ಅತ್ತೆ. ಅಶ್ವಗಂಧದ ಪುಡಿ ತರಿಸಿದ್ದಾರೆ. ಗುಳಿಗೆ ಬಿಟ್ಟು ಅದನ್ನು ತಗೊಂಡು ಯೋಗ ಮಾಡಲೇ?

ಉತ್ತರ: ನಿಮ್ಮ ಪ್ರಶ್ನೆಗಿಂತ ಮೊದಲು ನಡುವಿನ ಆ ಒಂದು ಸಾಲಿಗೆ ಬರುತ್ತೇನೆ. ‘ನಾನಿಲ್ಲದಿದ್ದರೆ’ ಅನ್ನೋದು ಕಾಯಿಲೆ ಆಡಿಸುವ ಮಾತಮ್ಮ. ಹೆರಿಗೆಯ ನಂತರದ ಖಿನ್ನತೆಯಲ್ಲಿ ಎಷ್ಟೋ ತಾಯಂದಿರು ನನ್ನ ಮುಂದೆ ಇದೇ ಮಾತು ಆಡಿ ಅತ್ತಿದ್ದಾರೆ, ವಾಸಿಯಾಗಿದ್ದಾರೆ. ಇವತ್ತೇ ನಿಮ್ಮ ಮನೆಯವರಿಗೆ ಹೇಳಿ. ವೈದ್ಯರಿಗೂ ಹೇಳಿ. ನಡುರಾತ್ರಿ ಆ ಯೋಚನೆ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನಾದರೂ ಮಾಡಿಕೊಂಡುಬಿಡುತ್ತೇನೆ ಅನ್ನುವಷ್ಟು ಜೋರಾದರೆ ಒಬ್ಬರೇ ಇರಬೇಡಿ, ಮನೆಯವರನ್ನು ಎಬ್ಬಿಸಿ ಆಗಲೇ ಆಸ್ಪತ್ರೆಗೆ ಹೊರಡಿ.

ಇನ್ನು ಗುಳಿಗೆ. ಬಿಡಬೇಡಿ. ಅದರ ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು, ನಿಮಗಿನ್ನೂ 12 ದಿನ. ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ, ಮೊಮ್ಮಗುವಿನ ಮೇಲಿನ ಪ್ರೀತಿ ಅದು. ಆದರೆ ಸರ್ಟ್ರಾಲೀನ್ ಎದೆಹಾಲಿಗೆ ಇಳಿಯುವುದು ತೀರಾ ಕಡಿಮೆ. ಹಾಲೂಡಿಸುವ ತಾಯಂದಿರಿಗೆ ನಾವು ಮೊದಲು ಯೋಚಿಸುವ ಗುಳಿಗೆಗಳಲ್ಲಿ ಅದೂ ಒಂದು. ಮಗು ಹಾಲು ಕುಡಿಯೋದು ಕಡಿಮೆಯಾದರೆ, ತುಂಬಾ ಮಂಕಾದರೆ ತೋರಿಸಿ, ಅಷ್ಟೇ.

ಅಶ್ವಗಂಧ ಮಾತ್ರ ಈಗ ಬೇಡ. ಹಾಲು ಕುಡಿಯುವ ಕೂಸಿಗೆ ಅದು ಸುರಕ್ಷಿತ ಅನ್ನೋಕೆ ಆಧಾರ ಸಾಲದು. ಜೊತೆಗೆ ಅದು ಥೈರಾಯ್ಡ್ ಮಟ್ಟವನ್ನು ಏರಿಸಬಹುದು. ಹೆರಿಗೆಯಾದ ಮೊದಲ ವರ್ಷ ಥೈರಾಯ್ಡ್ ತಾನಾಗಿಯೇ ಏರುಪೇರಾಗುವುದುಂಟು. ಆಗಲೂ ನಿದ್ದೆಗೇಡು, ಸುಸ್ತು, ಅಳು ಎಲ್ಲ ಇರುತ್ತೆ. ಹಾಗಾಗಿ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ರಕ್ತಪರೀಕ್ಷೆ ಆಗದಿದ್ದರೆ ಕೇಳಿ ಮಾಡಿಸಿಕೊಳ್ಳಿ.

ಕೆಲವು ವರ್ಷಗಳ ಹಿಂದೆ ಒಬ್ಬ ಬಾಣಂತಿಗೆ ಮನೆಯಲ್ಲಿ ತಗೊಳ್ಳೋದನ್ನೆಲ್ಲ ತನ್ನಿ ಅಂದಿದ್ದೆ. ಬಟ್ಟೆ ಚೀಲ ತಂದು ನನ್ನ ಮೇಜಿನ ಮೇಲೆ ಸುರಿದಳು. ಖಿನ್ನತೆಗೆ ನಾವು ಕೊಟ್ಟ ಗುಳಿಗೆ, ಥೈರಾಯ್ಡ್ ಗುಳಿಗೆ, ಕಬ್ಬಿಣದ ಗುಳಿಗೆ, ಲೇಬಲ್ ಇಲ್ಲದ ಲೇಹದ ಡಬ್ಬಿ, ಪೇಪರಿನಲ್ಲಿ ಕಟ್ಟಿದ ಯಾವುದೋ ಪುಡಿ. ಥೈರಾಯ್ಡ್ ಮತ್ತು ಕಬ್ಬಿಣದ ಗುಳಿಗೆಯನ್ನು ಬೆಳಿಗ್ಗೆ ಒಟ್ಟಿಗೇ ನುಂಗುತ್ತಿದ್ದಳು. ಕಬ್ಬಿಣ ಅಡ್ಡ ಬಂದು ಥೈರಾಯ್ಡ್ ಗುಳಿಗೆ ಮೈಗೆ ಹತ್ತುತ್ತಿರಲಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಮೂರು ಕಡೆ ತೋರಿಸಿದ್ದಳು, ಎಲ್ಲವನ್ನೂ ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ. ನನಗೂ ಆ ಚೀಲ ಬರುವವರೆಗೆ ಗೊತ್ತಿರಲಿಲ್ಲ. ಆವತ್ತಿನಿಂದ ಎಲ್ಲರಿಗೂ ಚೀಲ ತನ್ನಿ ಅನ್ನುತ್ತೇನೆ.

ಸಮಗ್ರ ಚಿಕಿತ್ಸೆ ಅಂದರೆ ನನ್ನ ಲೆಕ್ಕದಲ್ಲಿ ಇದೇ, ಎಲ್ಲವನ್ನೂ ಒಟ್ಟಿಗೆ ನೋಡೋದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರ ಜೊತೆ ಯೋಗ, ಆಯುರ್ವೇದದ ವೈದ್ಯರೂ ಇರುವ ವಿಭಾಗವೇ ಇದೆ. ಕಾಯಿಲೆ ಜೋರಾದ ತಾಯಿಯನ್ನು ಕೂಸಿನ ಜೊತೆಗೇ ದಾಖಲು ಮಾಡಿಕೊಳ್ಳುವ ವಾರ್ಡೂ 2009ರಿಂದ ಇದೆ. ನಿಮಗೆ ಅಷ್ಟು ದೂರ ಹೋಗೋದು ಬೇಕಾಗದೇ ಇರಬಹುದು. ಆಯುರ್ವೇದ ಬೇಕೆನಿಸಿದರೆ ಓದಿದ ವೈದ್ಯರ ಹತ್ತಿರವೇ ಹೋಗಿ, ನಿಮ್ಮ ಚೀಟಿ ತೋರಿಸಿ. ಅವರು ಕೊಟ್ಟದ್ದನ್ನು ಮನೋವೈದ್ಯರಿಗೂ ತೋರಿಸಿ.

ಯೋಗ ಖಂಡಿತ ಮಾಡಿ, ಗುಳಿಗೆಯ ಜೊತೆಗೆ. ಸಿಸೇರಿಯನ್ ಆಗಿದ್ದರೆ ಹೊಟ್ಟೆಯ ಮೇಲೆ ಭಾರ ಬೀಳುವ ಆಸನಕ್ಕೆ ಮುಂಚೆ ವೈದ್ಯರನ್ನು ಕೇಳಿ. ಈಗ ದಿನಕ್ಕೆ ಇಪ್ಪತ್ತು ನಿಮಿಷ ನಿಧಾನದ ಉಸಿರಾಟ, ಸಂಜೆ ಬಿಸಿಲಲ್ಲಿ ಒಂದು ಸುತ್ತು ನಡಿಗೆ ಸಾಕು. ಆದರೆ ಆ ಇಪ್ಪತ್ತು ನಿಮಿಷ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ? ಮನೆಯಲ್ಲಿ ಮೊದಲು ಇದು ತೀರ್ಮಾನವಾಗಬೇಕು, ಅಲ್ವಾ?

ನನ್ನ ಬಾಣಂತನ ಸಾಗರದ ತವರುಮನೆಯಲ್ಲಾಯಿತು. ಹೊಟ್ಟೆ ಬರುತ್ತೆ ಅಂತ ಅಮ್ಮ ನೀರು ಕೊಡುತ್ತಿರಲಿಲ್ಲ. ಅದು ತಪ್ಪು, ಹಾಲೂಡಿಸುವವಳಿಗೆ ಬಾಯಾರಿಕೆ ಜಾಸ್ತಿ, ಧಾರಾಳವಾಗಿ ಕುಡಿಯಬೇಕು. ಆದರೆ ಅಜ್ಜಿ ರಾತ್ರಿ ಒಂದು ಹೊತ್ತು ಕೂಸನ್ನು ತನ್ನ ಮಗ್ಗುಲಿಗೆ ಹಾಕಿಕೊಂಡು, ‘ನೀ ಮಲ್ಕೋ, ಅತ್ತರೆ ಎಬ್ಬಿಸ್ತೀನಿ’ ಅನ್ನುತ್ತಿದ್ದಳು. ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಸಿಗುತ್ತಿತ್ತು. ನಿಮಗೂ ಈಗ ಆ ನಿದ್ದೆ ಬೇಕು. ಅತ್ತೆಯವರನ್ನು ಅದನ್ನೇ ಕೇಳಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಹಾಲಿನ ಬಗ್ಗೆ ವೈದ್ಯರನ್ನು ಅವರೇ ಕೇಳಲಿ. ಅಶ್ವಗಂಧದ ಡಬ್ಬಿಯೂ ಚೀಲದಲ್ಲಿರಲಿ.