ಇಂಪ್ಲಾಂಟ್ ಹಾಕಿಸಿದ ಮೇಲೆ ನೋವು, ಊತ ಎಷ್ಟು ದಿನ ಸಹಜ?

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ಸಕ್ಕರೆ ಕಾಯಿಲೆ ಇದ್ದು, ಮಾತ್ರೆಯಿಂದ ಹತೋಟಿಯಲ್ಲಿದೆ. ಮೂರು ದಿನಗಳ ಹಿಂದೆ ಕೆಳದವಡೆಯ ಬಲಭಾಗದಲ್ಲಿ ಒಂದು ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲಿಗೆ ಮೂಳೆಯಲ್ಲಿ ಕೂರಿಸುವ ಲೋಹದ ತಿರುಪು) ಹಾಕಿಸಿದೆವು. ನೋವು ತಡೆದುಕೊಳ್ಳುವಷ್ಟಿದೆ, ಆದರೆ ಕೆನ್ನೆ ಮೊದಲ ದಿನಕ್ಕಿಂತ ಹೆಚ್ಚು ಊದಿಕೊಂಡಿದೆ. ಇಂಪ್ಲಾಂಟ್ ಮೂಳೆಗೆ ಹಿಡಿಯಲಿಲ್ಲವೇನೋ ಎಂಬ ಭಯ ಅವರದು. ಲವಂಗದ ಎಣ್ಣೆ ಹಚ್ಚಬಹುದೇ? ಎಲೆ ಅಡಿಕೆಯನ್ನು ಯಾವಾಗಿನಿಂದ ಹಾಕಿಕೊಳ್ಳಬಹುದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಾಯಿಯವರಿಗೆ ಮೊದಲು ಧೈರ್ಯ ಹೇಳಿ. ಮೂಳೆಯನ್ನು ಕೊರೆದು ಮಾಡುವ ಶಸ್ತ್ರಚಿಕಿತ್ಸೆಯ ನಂತರ ಊತವು ಎರಡನೆಯ ಅಥವಾ ಮೂರನೆಯ ದಿನಕ್ಕೆ ಅತಿ ಹೆಚ್ಚಾಗಿ, ಆಮೇಲೆ ಇಳಿಯತೊಡಗುವುದು ವಾಡಿಕೆ. ಐಸ್ ಇಡುವುದರಿಂದ ಪ್ರಯೋಜನವಾಗುವುದು ಮೊದಲ ಒಂದೆರಡು ದಿನ ಮಾತ್ರ. ಈಗ ದವಡೆ ಬಿಗಿಯಾಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕೆನ್ನೆಯ ಹೊರಗಿನಿಂದ ಇಡಬಹುದು.

ನೋವಿಗೆ ನಿಮ್ಮ ದಂತವೈದ್ಯರು ಬರೆದುಕೊಟ್ಟಿರುವ ಮಾತ್ರೆಯನ್ನೇ ಹೇಳಿದ ಹೊತ್ತಿಗೆ ಕೊಡಿ. ನೋವು ಜೋರಾದ ಮೇಲೆ ನುಂಗಿಸುವುದಕ್ಕಿಂತ ಇದು ಮೇಲು. ಐಬುಪ್ರೊಫೆನ್‌ನಂತಹ ಮಾತ್ರೆಗಳನ್ನು ನೀವಾಗಿಯೇ ಅಂಗಡಿಯಿಂದ ತಂದು ಕೊಡಬೇಡಿ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಮೂತ್ರಪಿಂಡಗಳು ಸದ್ದಿಲ್ಲದೆ ಸೊರಗಿರಬಹುದು, ಅಂಥವರಿಗೆ ಈ ಮಾತ್ರೆಗಳು ಹಾನಿ ಮಾಡುತ್ತವೆ. ಲವಂಗದ ಎಣ್ಣೆ ಖಂಡಿತ ಬೇಡ. ಹೊಲಿಗೆ ಹಾಕಿದ ಹಸಿ ವಸಡನ್ನು ಅದು ಸುಡುತ್ತದೆ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆ ಬಾಯಲ್ಲಿ ತುಂಬಿಕೊಂಡು, ತಲೆಯನ್ನು ಅತ್ತಿತ್ತ ವಾಲಿಸಿ, ರಭಸದಿಂದ ಉಗುಳದೆ ಹಾಗೆಯೇ ಹೊರಬಿಟ್ಟರೆ ಸಾಕು.

ಅಗಿಯಲಾಗದೆ ಊಟ ಬಿಟ್ಟು, ಸಕ್ಕರೆಯ ಮಾತ್ರೆಯನ್ನು ಮಾತ್ರ ನುಂಗಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇನ್ನೊಂದೆಡೆ, ದಿನವಿಡೀ ಬರೀ ಗಂಜಿ ಕುಡಿದರೆ ಸಕ್ಕರೆ ಏರಿ ಗಾಯ ಮಾಯುವುದು ತಡವಾಗುತ್ತದೆ. ಮೆತ್ತಗೆ ಬೇಯಿಸಿದ ಬೇಳೆ, ಮೊಸರು, ಒಪ್ಪುವುದಾದರೆ ಮೊಟ್ಟೆ, ಆರಿದ ಇಡ್ಲಿ, ಇವುಗಳನ್ನು ಎಡಭಾಗದಲ್ಲಿ ಅಗಿದು ತಿನ್ನಲಿ.

ನಾಲ್ಕನೆಯ ದಿನದ ನಂತರ ನೋವು ಇಳಿಯುವ ಬದಲು ಏರಿದರೆ, ಕೀವು ಅಥವಾ ಜ್ವರ ಕಂಡರೆ, ಕಾಯದೆ ಚಿಕಿತ್ಸೆ ಮಾಡಿದ ವೈದ್ಯರ ಬಳಿ ಕರೆದೊಯ್ಯಿರಿ. ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು. ಇನ್ನೊಂದನ್ನು ಇವತ್ತೇ ಕೇಳಿ ತಿಳಿದುಕೊಳ್ಳಿ: ಬಲಗಡೆಯ ಕೆಳತುಟಿ, ಗದ್ದ ಇನ್ನೂ ಜೋಮು ಹಿಡಿದಂತಿವೆಯೇ? ಅರಿವಳಿಕೆ ಕೆಲವು ಗಂಟೆಗಳಲ್ಲಿ ಇಳಿದಿರಬೇಕು. ಕೆಳದವಡೆಯೊಳಗೆ ಹಾದುಹೋಗುವ ನರದ ಮೇಲೆ ಇಂಪ್ಲಾಂಟ್ ಒತ್ತಿದ್ದರೆ ಜೋಮು ಉಳಿಯುತ್ತದೆ. ನೋವಿಲ್ಲವೆಂದು ಇದನ್ನು ಕಡೆಗಣಿಸುವಂತಿಲ್ಲ, ಒಂದು ದಿನವೂ ತಡಮಾಡಬಾರದು.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ವಾರ ಹತ್ತು ದಿನಗಳಲ್ಲಿ ನೋವು ಹೋಗಿ, ಹೊಲಿಗೆ ತೆಗೆದ ಮೇಲೆ ಎಲ್ಲವೂ ವಾಸಿಯಾಯಿತೆಂದು ಹೆಚ್ಚಿನವರು ತಿಳಿಯುತ್ತಾರೆ. ವಾಸಿಯಾಗಿರುವುದು ವಸಡು ಮಾತ್ರ. ಸುತ್ತಲಿನ ಹಳೆಯ ಮೂಳೆ ಕರಗಿ ಹೊಸ ಮೂಳೆ ಇನ್ನೂ ಗಟ್ಟಿಯಾಗಿರದ ಎರಡರಿಂದ ನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಇಂಪ್ಲಾಂಟಿನ ಹಿಡಿತವು ಮೊದಲ ದಿನಕ್ಕಿಂತಲೂ ಸಡಿಲವಾಗಿರುತ್ತದೆ, ಆಗ ನೋವೂ ಇರುವುದಿಲ್ಲ. 1965ರಲ್ಲಿ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಅವರು ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದಾಗಲೂ ಅದರ ಮೇಲೆ ಭಾರ ಬೀಳಿಸದೆ ತಿಂಗಳುಗಟ್ಟಲೆ ಕಾದಿದ್ದರು. ಕೆಳದವಡೆಗೆ ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಆ ಬದಿಯಲ್ಲಿ ಚಕ್ಕುಲಿ, ಕೋಡುಬಳೆ ಕಡಿಯಕೂಡದು.

ಎಲೆ ಅಡಿಕೆಯಂತೂ ಬೇಡವೇ ಬೇಡ. ಹೊಗೆಸೊಪ್ಪು ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತದೆ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಆದ್ದರಿಂದ ಯಾವಾಗಿನಿಂದ ಹಾಕಿಕೊಳ್ಳಬಹುದೆಂಬ ದಿನವನ್ನು ನಾನು ಹೇಳಲಾರೆ; ಬಿಟ್ಟೇಬಿಡುವಂತೆ ಅವರನ್ನು ದಯವಿಟ್ಟು ಒಪ್ಪಿಸಿ.