ಗುಂಡು ಹಾರಿದ 37ನೇ ದಿನಕ್ಕೆ ಮಹಾಯುದ್ಧ: ನಡುವೆ ನಡೆದದ್ದೇನು?

ಪ್ರಶ್ನೆ: ಸರಾಯೆವೊದಲ್ಲಿ ಯುವರಾಜನ ಕೊಲೆಯಾಯಿತು, ಅದರಿಂದ ಮೊದಲ ಮಹಾಯುದ್ಧ ಶುರುವಾಯಿತು ಅಂತ ಶಾಲೆಯಲ್ಲಿ ಓದಿದ್ದೆವು. ಒಂದು ಕೊಲೆಗೆ ಇಡೀ ಯುರೋಪು ಹೊಡೆದಾಡಿತಾ ಎಂದು ಮಗಳು ಕೇಳುತ್ತಾಳೆ. ಏನು ಹೇಳಲಿ? (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಮಗಳು ಸರಿಯಾದ್ದನ್ನೇ ಕೇಳಿದ್ದಾಳೆ. ಕೊಲೆ ನಡೆದದ್ದು 1914ರ ಜೂನ್ 28ರಂದು. ಬ್ರಿಟನ್ ಯುದ್ಧಕ್ಕೆ ಇಳಿದದ್ದು ಆಗಸ್ಟ್ 4ರಂದು. ನಡುವೆ 37 ದಿನ ಇತ್ತು. ಪಠ್ಯಪುಸ್ತಕಗಳು ಅಷ್ಟನ್ನೂ ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. ಆದರೆ ಯುದ್ಧ ಹುಟ್ಟಿದ್ದು ಆ ದಿನಗಳಲ್ಲಿ.

ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾನ್ಜ್ ಫರ್ಡಿನೆಂಡ್ ಮತ್ತು ಪತ್ನಿ ಸೋಫಿಯನ್ನು ಕೊಂದವನು ಗಾವ್ರಿಲೋ ಪ್ರಿನ್ಸಿಪ್. ಬೋಸ್ನಿಯಾದ ಸರ್ಬ್ ಹುಡುಗ, ವಯಸ್ಸು 19. ಪಿಸ್ತೂಲು ಅವನ ಕೈಗೆ ಬಂದದ್ದು ಸರ್ಬಿಯಾದಿಂದ. ಸರ್ಬಿಯಾ ಮೇಲೆ ಯುದ್ಧ ಮಾಡಲೇಬೇಕು ಎಂದು ಆಸ್ಟ್ರಿಯಾದ ಸೇನಾ ಮುಖ್ಯಸ್ಥ ಕಾನ್ರಾಡ್ ವರ್ಷಗಳಿಂದ ಪಟ್ಟು ಹಿಡಿದಿದ್ದರು. ಈಗ ಕಾರಣ ಸಿಕ್ಕಿತು. ಆದರೆ ಸರ್ಬಿಯಾದ ಬೆನ್ನಿಗೆ ರಷ್ಯಾ ಬಂದರೆ? ಆ ಅಳುಕಿಗೆ ಅವರು ಜರ್ಮನಿಯ ಕಡೆ ನೋಡಿದರು. ಜುಲೈ 5ರಂದು ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್, ಏನೇ ಆದರೂ ನಿಮ್ಮ ಜೊತೆ ಇರುತ್ತೇವೆ ಎಂದು ಭರವಸೆ ಕೊಟ್ಟರು. ಇತಿಹಾಸಕಾರರು ಇದನ್ನು 'ಖಾಲಿ ಚೆಕ್' ಎನ್ನುತ್ತಾರೆ. ಮೊತ್ತ ಬರೆಯದೆ ಸಹಿ ಹಾಕಿಕೊಟ್ಟು ಚಕ್ರವರ್ತಿ ಮರುದಿನವೇ ಹಡಗು ಹತ್ತಿ ನಾರ್ವೆಗೆ ವಿಹಾರಕ್ಕೆ ಹೋದರು.

ಆಮೇಲೆ ಎರಡೂವರೆ ವಾರ ಹೊರಗೆ ಎಲ್ಲ ತಣ್ಣಗಿತ್ತು. ಆಸ್ಟ್ರಿಯಾದ ಅನೇಕ ಸೈನಿಕರು ಕೊಯ್ಲಿನ ರಜೆಯಲ್ಲಿ ಊರಿಗೆ ಹೋಗಿದ್ದರು. ಹಂಗೇರಿಯ ಪ್ರಧಾನಿ ಟಿಸಾ ಯುದ್ಧಕ್ಕೆ ಸುಲಭವಾಗಿ ಒಪ್ಪಲಿಲ್ಲ. ಜೊತೆಗೆ ಫ್ರಾನ್ಸಿನ ಅಧ್ಯಕ್ಷ ಪ್ವಾಂಕಾರೆ ಆಗ ರಷ್ಯಾದ ರಾಜಧಾನಿಯಲ್ಲಿ ಅತಿಥಿಯಾಗಿದ್ದರು. ಅವರು ಹಡಗು ಹತ್ತುವವರೆಗೂ ಆಸ್ಟ್ರಿಯಾ ಕಾದು ಕೂತಿತು. ಎರಡು ಮಿತ್ರ ದೇಶಗಳ ನಾಯಕರು ಒಟ್ಟಿಗೆ ಕೂತು ಮಾತಾಡಬಾರದು ಅಂತ. ಜುಲೈ 23ರ ಸಂಜೆ 6ಕ್ಕೆ ಸರ್ಬಿಯಾಕ್ಕೆ ಷರತ್ತುಗಳ ಪತ್ರ ಮುಟ್ಟಿಸಿದರು. ಉತ್ತರಕ್ಕೆ ಕೊಟ್ಟ ಸಮಯ 48 ಗಂಟೆ.

ಸರ್ಬಿಯಾ ಬಹುತೇಕ ಎಲ್ಲಕ್ಕೂ ಬಗ್ಗಿತು. ಕೊಲೆಯ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಕೂರಬೇಕು ಎಂಬುದಕ್ಕೆ ಮಾತ್ರ ಆಗುವುದಿಲ್ಲ ಎಂದಿತು. ಪ್ರಧಾನಿ ಪಾಶಿಚ್ ಗಡುವಿಗೆ ಸ್ವಲ್ಪ ಮುಂಚೆ ತಾವೇ ಬಂದು ಉತ್ತರ ಕೊಟ್ಟರು. ಅಷ್ಟರಲ್ಲಿ ಆಸ್ಟ್ರಿಯಾದ ರಾಯಭಾರಿ ಗೀಸ್ಲ್ ಗಂಟುಮೂಟೆ ಕಟ್ಟಿ ಆಗಿತ್ತು. ಅರ್ಧ ಗಂಟೆಯೊಳಗೆ ಅವರು ರೈಲಿನಲ್ಲಿದ್ದರು. ಕೊಲೆ ನಡೆದ ಮೇಲೆ ಯುದ್ಧ ತಪ್ಪಿಸಲು ದಾರಿಗಳಿದ್ದವು, ಕೆಲವರು ಆ ದಾರಿಗಳನ್ನು ಬೇಕೆಂದೇ ಮುಚ್ಚಿದರು ಎಂದು ಮಗಳಿಗೆ ಹೇಳಿ.

ಪ್ರಶ್ನೆ: ರಾಜರು, ಮಂತ್ರಿಗಳು ಕೊನೆಯ ಕ್ಷಣದಲ್ಲಾದರೂ ನಿಲ್ಲಿಸಬಹುದಿತ್ತು ಅಲ್ವಾ? (ಶಿರಸಿಯ ಓದುಗರು)

ಉತ್ತರ: ನಿಲ್ಲಿಸಲು ನೋಡಿದರು. ಅದನ್ನು ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ವಿಹಾರದಿಂದ ಮರಳಿದ್ದ ವಿಲ್ಹೆಲ್ಮ್ ಜುಲೈ 28ರ ಬೆಳಿಗ್ಗೆ ಸರ್ಬಿಯಾದ ಉತ್ತರ ಓದಿದರು. ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂದು ಬರೆದರು. ಅದೇ ದಿನ ಆಸ್ಟ್ರಿಯಾ ತಂತಿ ಕಳಿಸಿ ಸರ್ಬಿಯಾ ಮೇಲೆ ಯುದ್ಧ ಸಾರಿತು.

ಇಲ್ಲಿಂದ ಮುಂದೆ ಕಥೆ ಮಂತ್ರಿಗಳ ಕೈಯಿಂದ ಸೈನ್ಯದ ರೈಲು ವೇಳಾಪಟ್ಟಿಗೆ ಹೋಯಿತು. ಆ ಕಾಲದಲ್ಲಿ ಯುದ್ಧಕ್ಕೆ ಸಿದ್ಧವಾಗುವುದು ಎಂದರೆ ಊರೂರಿನಿಂದ ಲಕ್ಷಾಂತರ ಜನರನ್ನು ಕರೆಸಬೇಕು. ಬಟ್ಟೆ, ಬಂದೂಕು, ಕುದುರೆ ಕೊಟ್ಟು ರೈಲಿನಲ್ಲಿ ಗಡಿಗೆ ಸಾಗಿಸಬೇಕು. ಇದಕ್ಕೆ ಸೇನಾ ಜಮಾವಣೆ ಎನ್ನುತ್ತಾರೆ. ಮೊದಲು ಮುಗಿಸಿದವರಿಗೆ ಮೇಲುಗೈ. ಹಾಗಾಗಿ ಒಬ್ಬರು ಶುರು ಮಾಡಿದರೆ ಪಕ್ಕದವರಿಗೆ ಸುಮ್ನೆ ಕೂರಲು ಆಗುತ್ತಿರಲಿಲ್ಲ.

ರಷ್ಯಾದ ತ್ಸಾರ್ ನಿಕೊಲಾಸ್ ಜುಲೈ 29ರ ರಾತ್ರಿ ಪೂರ್ತಿ ಜಮಾವಣೆಯ ಆದೇಶವನ್ನು ತಡೆದರು. ವಿಲ್ಹೆಲ್ಮ್ ಅವರಿಗೆ ಬಂಧು. ಆತ ಕಳಿಸಿದ ಒಂದು ತಂತಿ ಓದಿ ಮನಸ್ಸು ಬದಲಾಗಿತ್ತು. ಇಬ್ಬರೂ ಆ ತಂತಿಗಳಲ್ಲಿ 'ನಿಕಿ', 'ವಿಲಿ' ಎಂದೇ ಸಹಿ ಹಾಕುತ್ತಿದ್ದರು. ಆದರೆ ಮರುದಿನ ವಿದೇಶಾಂಗ ಮಂತ್ರಿ ಸಜೊನೊವ್ ಬಂದು, ತಡ ಮಾಡಿದರೆ ದೇಶ ಉಳಿಯದು ಎಂದು ಒಪ್ಪಿಸಿದರು. ಒಪ್ಪಿಗೆ ಸಿಕ್ಕ ಕೂಡಲೇ ಟೆಲಿಫೋನ್ ಒಡೆದುಹಾಕುತ್ತೇನೆ ಎಂದು ಸೇನಾ ಮುಖ್ಯಸ್ಥ ಯಾನುಷ್ಕೆವಿಚ್ ಮೊದಲೇ ಹೇಳಿದ್ದರು. ತ್ಸಾರ್ ಮತ್ತೆ ಮನಸ್ಸು ಬದಲಿಸಿದರೆ ಸುದ್ದಿ ತಮಗೆ ಮುಟ್ಟಬಾರದು ಅಂತ!

ಜರ್ಮನಿಯ ಸ್ಥಿತಿ ಇನ್ನೂ ಕಷ್ಟ. ಅವರ ಹತ್ತಿರ ಇದ್ದದ್ದು ಒಂದೇ ಯೋಜನೆ. ಬೆಲ್ಜಿಯಂ ಮೂಲಕ ನುಗ್ಗಿ ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಸೋಲಿಸುವುದು, ಆಮೇಲೆ ರಷ್ಯಾ ಕಡೆ ತಿರುಗುವುದು. ಅಂದರೆ ಜಗಳ ರಷ್ಯಾ ಜೊತೆ ಇದ್ದರೂ ಮೊದಲ ಏಟು ಫ್ರಾನ್ಸಿಗೆ. ಆಗಸ್ಟ್ 1ರಂದು ಬ್ರಿಟನ್ ಮತ್ತು ಫ್ರಾನ್ಸ್ ದೂರ ಉಳಿಯಬಹುದು ಎಂಬ ಸುದ್ದಿ ಬಂತು, ಅದು ನಿಜವಾಗಿರಲಿಲ್ಲ. ಹಾಗಾದರೆ ಸೈನ್ಯವನ್ನೆಲ್ಲ ಪೂರ್ವಕ್ಕೆ ಕಳಿಸಿ ಎಂದರು ವಿಲ್ಹೆಲ್ಮ್. ಆಗಲ್ಲ ಎಂದರು ಸೇನಾ ಮುಖ್ಯಸ್ಥ ಮೋಲ್ಟ್ಕೆ. ವರ್ಷಗಟ್ಟಲೆ ಕೂತು ಹಾಕಿದ ಯೋಜನೆಯನ್ನು ಒಂದು ಸಂಜೆಯಲ್ಲಿ ತಿರುಗಿಸಲು ಬರುವುದಿಲ್ಲ ಎಂಬುದು ಅವರ ವಾದ. ಅದೇ ಸಂಜೆ ಜರ್ಮನಿ ರಷ್ಯಾ ಮೇಲೆ ಯುದ್ಧ ಸಾರಿತು. ಆಗಸ್ಟ್ 3ರಂದು ಫ್ರಾನ್ಸ್ ಮೇಲೆ ಸಾರಿತು. ಮರುದಿನ ಅದರ ಸೈನ್ಯ ಬೆಲ್ಜಿಯಂಗೆ ನುಗ್ಗಿತು. ಬೆಲ್ಜಿಯಂ ತಟಸ್ಥ ದೇಶ ಎಂಬ 1839ರ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿತ್ತು. ಹೀಗೆ ಬ್ರಿಟನ್ನೂ ಬಂತು.

ಪ್ರಶ್ನೆ: ಹಾಗಾದರೆ ತಪ್ಪು ಜರ್ಮನಿಯದ್ದೇ? (ಕಲಬುರಗಿಯ ಓದುಗರು)

ಉತ್ತರ: 1919ರ ವರ್ಸೇಲ್ಸ್ ಒಪ್ಪಂದದ 231ನೇ ವಿಧಿ ಹಾಗೆಯೇ ಹೊಣೆ ಹೊರಿಸಿತು. ನೂರು ವರ್ಷ ದಾಟಿದರೂ ಇತಿಹಾಸಕಾರರ ನಡುವೆ ಒಮ್ಮತವಿಲ್ಲ. ನನ್ನ ಲೆಕ್ಕದಲ್ಲಿ ಜಾಸ್ತಿ ಹೊಣೆ ವಿಯೆನ್ನಾ ಮತ್ತು ಬರ್ಲಿನ್‌ಗಳದ್ದು. ಒಬ್ಬರು ಯುದ್ಧ ಬೇಕೆಂದೇ ಹೊರಟರು, ಇನ್ನೊಬ್ಬರು ಖಾಲಿ ಚೆಕ್ ಕೊಟ್ಟರು. ಬ್ರಿಟನ್ನಿನ ವಿದೇಶಾಂಗ ಮಂತ್ರಿ ಗ್ರೇ ಜುಲೈ 26ರಂದು ನಾಲ್ಕು ದೇಶಗಳ ಸಭೆ ಕರೆಯೋಣ ಎಂದರು. ಜರ್ಮನಿ ಅದನ್ನೂ ತಳ್ಳಿಹಾಕಿತು. ಹಾಗಂತ ಗ್ರೇ ಅವರನ್ನೂ ಪೂರ್ತಿ ಬಿಡಲಾಗದು. ಬೆಲ್ಜಿಯಂ ಮುಟ್ಟಿದರೆ ನಾವು ಸುಮ್ಮನಿರುವುದಿಲ್ಲ ಎಂದು ಜುಲೈ ಮಧ್ಯದಲ್ಲೇ ಬಿಡಿಸಿ ಹೇಳಿದ್ದರೆ ಬರ್ಲಿನ್ ಹಿಂದೆ ಮುಂದೆ ನೋಡುತ್ತಿತ್ತು ಎಂದು ನನಗನಿಸುತ್ತದೆ.

ಪ್ರಶ್ನೆ: ನಮ್ಮ ಕಡೆಯವರು ಈ ಯುದ್ಧಕ್ಕೆ ಹೋಗಿದ್ದರಾ? (ಬೆಂಗಳೂರಿನ ಓದುಗರು)

ಉತ್ತರ: ಹೋಗಿದ್ದರು. ಲಂಡನ್ ಯುದ್ಧ ಸಾರಿದ ಕೂಡಲೇ ಭಾರತವೂ ಯುದ್ಧದಲ್ಲಿತ್ತು. ಇಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿದ್ದರು. ಸುಮಾರು 74,000 ಜನ ಮರಳಲಿಲ್ಲ. ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್, ಮೊದಲು ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದಿತು. ಕೈಯಲ್ಲಿ ಭರ್ಜಿ, ಎದುರಿಗೆ ಮಷಿನ್ ಗನ್. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ಮೈಸೂರಿನ ಸವಾರ. ನೀವು ಬೆಂಗಳೂರಿನವರೇ ಆದ್ದರಿಂದ ಜೆ.ಸಿ. ನಗರದ ಕಡೆ ಹೋದಾಗ ಅವರ ಸ್ಮಾರಕದ ಮುಂದೆ ಒಂದು ನಿಮಿಷ ನಿಲ್ಲಿ.