ಎರಡೂ ಕಡೆ ಬರೆದರೆ ನನ್ನ ನಿಲುವು ಎಲ್ಲಿ?

ಪ್ರಶ್ನೆ: ಸಾರ್, ಲೇಖನ ಸಮತೋಲನದಲ್ಲಿ ಇರಬೇಕು ಅಂದರೆ ಪರ, ವಿರೋಧ ಎರಡನ್ನೂ ಸಮಸಮ ಬರೆದು, ನನ್ನ ಅಭಿಪ್ರಾಯ ಹೇಳದೆ ಮುಗಿಸಬೇಕಾ? ಭದ್ರಾ ಡ್ಯಾಂನಿಂದ ನೀರು ಎತ್ತಿ ನಮ್ಮ ಕಡೆಯ ಬರದ ತಾಲ್ಲೂಕುಗಳಿಗೆ ಕೊಡುವ ಭದ್ರಾ ಮೇಲ್ದಂಡೆ ಯೋಜನೆ ಬೇಕು ಅಂತ ಬರೆದ ಕರಡು ಕಳಿಸಿದ್ದೇನೆ. (ವಿದ್ಯಾರ್ಥಿನಿ, ಜಗಳೂರು)

ಉತ್ತರ: ಯಾರಮ್ಮ ಹೀಗೆ ಹೇಳಿಕೊಟ್ಟಿದ್ದು? ಪರ ಐದು ಸಾಲು, ವಿರೋಧ ಐದು ಸಾಲು, ಕೊನೆಗೆ 'ಎರಡರಲ್ಲೂ ಸತ್ಯವಿದೆ' ಅಂತ ಕೈ ತೊಳೆದುಕೊಳ್ಳುವುದು ಸುಮ್ನೆ ಜಾರಿಕೊಳ್ಳುವ ಕೆಲಸ. ನಿಲುವು ಇರಲೇಬೇಕು.

ಈಗ ನಿಮ್ಮ ಕರಡು. 'ದಾವಣಗೆರೆಯವರು ಸ್ವಾರ್ಥಕ್ಕೆ ವಿರೋಧಿಸುತ್ತಿದ್ದಾರೆ' ಅಂತ ಬರೆದಿದ್ದೀರಿ. ಮೊದಲನೆಯದಾಗಿ, ಜಗಳೂರು ಇರುವುದೂ ದಾವಣಗೆರೆ ಜಿಲ್ಲೆಯಲ್ಲೇ ಅಲ್ವಾ? ವಿರೋಧಿಸುವವರು ಭದ್ರಾ ಅಚ್ಚುಕಟ್ಟಿನ ರೈತರು ಅಂತ ಸರಿಯಾಗಿ ಬರೆಯಿರಿ. ನಾಲೆಯ ಕೊನೆ ಭಾಗಕ್ಕೆ ಈಗಲೇ ನೀರು ಸರಿಯಾಗಿ ಮುಟ್ಟುವುದಿಲ್ಲ, ಡ್ಯಾಂನಿಂದಲೇ ಇನ್ನಷ್ಟು ಎತ್ತಿದರೆ ನಮ್ಮ ಭತ್ತದ ಗತಿ ಏನು ಅನ್ನುವುದು ಅವರ ಪ್ರಶ್ನೆ. ಅವರೇ ಓದಿದರೂ 'ಹೌದು, ನಾವು ಹೇಳಿದ್ದು ಇದನ್ನೇ' ಅನ್ನಬೇಕು, ಹಾಗೆ ಬರೆಯಿರಿ.

ಆಮೇಲೆ ಲೆಕ್ಕ ಇಡಿ. ಯೋಜನೆಗೆ ಹಂಚಿಕೆಯಾದ 29.9 ಟಿಎಂಸಿಯಲ್ಲಿ 17.4 ತುಂಗಾದಿಂದ ಭದ್ರಾಕ್ಕೆ ಎತ್ತಿ ತರಬೇಕಾದ ನೀರು, ಭದ್ರೆಯ ಪಾಲು 12.5 ಮಾತ್ರ. ಇಲ್ಲಿಗೆ ಗೆದ್ದೆ ಅಂತ ಪೆನ್ನು ಕೆಳಗಿಡಬೇಡಿ. ತುಂಗಾದ ನೀರು ಬಾರದೆ ಭದ್ರೆಯಿಂದಲೇ ಎತ್ತುತ್ತಾ ಹೋದರೆ ಆ ರೈತರ ಭಯ ನಿಜವಾಗುತ್ತದೆ, ಅದನ್ನೂ ಒಪ್ಪಿ ಬರೆಯಬೇಕು. ಆಗ ನಿಮ್ಮ ವಾದವೇ ಬದಲಾಗುತ್ತದೆ ನೋಡಿ: 'ಯೋಜನೆ ಬೇಕು' ಅನ್ನುವುದು ಹೋಗಿ 'ಯೋಜನೆ ಬೇಕು, ಆದರೆ ತುಂಗಾದಿಂದ ಬಂದಷ್ಟನ್ನು ನೋಡಿಕೊಂಡೇ ಭದ್ರೆಯಿಂದ ಎತ್ತಬೇಕು' ಆಗುತ್ತದೆ. ನನಗೆ ಬೇಕಾಗಿದ್ದು ಇದು. ಎದುರಿನವರಿಗೆ ಎಷ್ಟು ಸಾಲು ಕೊಟ್ಟಿರಿ ಅಂತ ಸ್ಕೇಲ್ ಹಿಡಿದು ಅಳೆಯುವವನು ನಾನಲ್ಲ.

ಪ್ರಶ್ನೆ: ಲೇಖನದ ಭಾಷೆ ಔಪಚಾರಿಕವಾಗಿರಬೇಕು ಅಂದರೆ ಗ್ರಾಂಥಿಕ ಪದಗಳು ಜಾಸ್ತಿ ಬೇಕಾ?

ಉತ್ತರ: ಬೇಡ. ಬೈಗುಳ, ಉದ್ಗಾರ ಇರದಿದ್ದರೆ ಸಾಕು. 'ತಜ್ಞರ ಪ್ರಕಾರ' ಅಂತ ಬರೆದರೆ ಯಾವ ತಜ್ಞರು ಅಂತಲೂ ಬರೆಯಿರಿ.

ಪ್ರಶ್ನೆ: ಮಾದರಿ ಪ್ರಬಂಧ ಬಾಯಿಪಾಠ ಮಾಡಬಹುದಾ?

ಉತ್ತರ: ಯಾವ ವಿಷಯಕ್ಕೂ ಹೊಂದುತ್ತದೆ ಅಂತ ಜೆರಾಕ್ಸ್ ಅಂಗಡಿಗಳಲ್ಲಿ ನೋಟ್ಸ್ ಮಾರುತ್ತಾರಲ್ಲ, ಅದಕ್ಕೆ ದುಡ್ಡು ಕೊಡಬೇಡಿ. 'ಇಂದಿನ ಆಧುನಿಕ ಯುಗದಲ್ಲಿ' ಅಂತ ಶುರುವಾಗಿ 'ನಾಣ್ಯಕ್ಕೆ ಎರಡು ಮುಖ' ಅಂತ ಮುಗಿಯುವ ಉತ್ತರ ಪತ್ರಿಕೆ ನೋಡಿದರೇ ತಲೆನೋವು ಬರುತ್ತದೆ. ಬರೆಸಿದವರು ಫೀಸು ತಗೊಂಡಿರುತ್ತಾರೆ, ಅಂಕ ಹೋಗುವುದು ಮಕ್ಕಳದ್ದು.

ಪ್ರಶ್ನೆ: ಪದಮಿತಿ ಮೀರಿದರೆ ಏನು ತೆಗೆಯಲಿ?

ಉತ್ತರ: ಮೊದಲ ಪ್ಯಾರಾ.